ಶನಿವಾರದ ಕೆಲಸ

ಕೆಚ್ಚಲು ಇರಬೇಕಾದ ಜಾಗದಲ್ಲಿ ಕೆಚ್ಚಲು ಇರಲಿಲ್ಲ.

ಆ ಶನಿವಾರ ನನ್ನ ಗಂಡ ತೊರ್ಮೋಡ್ ಬೆಟ್ಟದಿಂದ ಇಳಿಸಿ ತಂದದ್ದು ಒಂದೇ ಒಂದು ಹೆಣ್ಣು ಜಿಂಕೆ. ಕುದುರೆಯ ಬೆನ್ನಿನಿಂದ ಅದನ್ನು ಬಿಚ್ಚಿ, ಮಾಂಸದ ಮನೆಯ ಕೊಕ್ಕೆಗೆ ಹಿಂಗಾಲು ಸಿಕ್ಕಿಸಿ, ರಾಟೆ ಎಳೆದು ಮೇಲೇರಿಸಿದವಳು ನಾನು. ಕರುಳು ಬೋಟಿಯನ್ನೆಲ್ಲ ಅವನು ಬೆಟ್ಟದ ಮೇಲೇ ತೆಗೆದು ಬಿಸಾಕಿ ಬರುತ್ತಾನೆ. ತಲೆ, ಕಾಲು, ಕೆಚ್ಚಲು ಕತ್ತರಿಸುವುದು ಕೆಳಗೆ ನನ್ನ ಕೆಲಸ. ಮದುವೆಯಾದಾಗಿನಿಂದ ಹೀಗೇ ನಡೆದು ಬಂದಿದೆ. ಅಷ್ಟು ವರ್ಷಗಳಲ್ಲಿ ನನ್ನ ಗಂಡ ನನ್ನ ಪಾಲಿನ ಕೆಲಸವನ್ನು ಒಂದು ದಿನವೂ ತಾನು ಮಾಡಿದವನಲ್ಲ. ಇವತ್ತು ಮಾಡಿದ್ದಾನೆ ಅಂದರೆ ಏನೋ ಇದೆ ಅಂದುಕೊಂಡೆ.

ಜಿಂಕೆಯ ತೊಡೆಯ ಒಳಮಗ್ಗುಲಿನ ಕೂದಲನ್ನು ಬೆರಳಿಂದ ಉಜ್ಜಿ ನೋಡಿದೆ. ಅಂಟಂಟು. ಮೂಸಿದೆ. ಹಾಲು.

ನಮ್ಮ ದ್ವೀಪದಲ್ಲಿ ಚಳಿಗಾಲದ ಬೇಟೆಗೆ ಒಂದು ಕಟ್ಟಳೆಯಿದೆ. ಮರಿಯಿರುವ ಹೆಣ್ಣನ್ನು ಹೊಡೆದರೆ ಮರಿಯನ್ನೂ ಹೊಡೆಯಬೇಕು, ಅಲ್ಲೇ, ಆಗಲೇ. ಕೇಳುವುದಕ್ಕೆ ಕ್ರೂರ ಅನ್ನಿಸಿದರೆ ಅನ್ನಿಸಲಿ. ತಾಯಿ ಬಿದ್ದ ಮೇಲೆ ಮರಿ ದೂರ ಹೋಗುವುದಿಲ್ಲ, ಅದೇ ಜಾಗವನ್ನು ಸುತ್ತುತ್ತಾ ಇರುತ್ತದೆ. ಹಿಮದ ಕೆಳಗೆ ಹುಲ್ಲು ಎಲ್ಲಿ, ಗಾಳಿಗೆ ಮರೆ ಎಲ್ಲಿ ಎಂದು ತೋರಿಸುವವರಿಲ್ಲದೆ ಸವೆದು ಸವೆದು ಸಾಯುತ್ತದೆ. ಇನ್ನೂ ಜೀವ ಇರುವಾಗಲೇ ಕಾಡುಕಾಗೆಗಳು ಕಣ್ಣಿಗೆ ಬಾಯಿ ಹಾಕುತ್ತವೆ. ಮರಿಯನ್ನು ಬಿಟ್ಟು ಬಂದವನು ಅಂತ ಒಬ್ಬನಿಗೆ ಹೆಸರು ಬಂದರೆ ಇಲ್ಲಿ ಅವನ ಮಕ್ಕಳ ಕಾಲಕ್ಕೂ ಅದು ಅಳಿಸುವುದಿಲ್ಲ.

ತೊರ್ಮೋಡ್ ಆ ಕೆಚ್ಚಲನ್ನು ಬೆಟ್ಟದ ಮೇಲೇ ಕೊಯ್ದು ಎಸೆದು ಬಂದಿದ್ದ. ಹಾಲಿನ ಜಿಂಕೆ ಅಂತ ನನಗೆ ಗೊತ್ತಾಗಬಾರದು ಅಂತ. ನನಗೆ!

ಪಕ್ಕದಲ್ಲಿ ಅದೇ ವಾರದ ಬೇರೆ ಜಿಂಕೆಗಳು ತೂಗುತ್ತಿದ್ದವು. ದೋಣಿ ಬಂದ ದಿನ ಅವು ಮಾರಾಟಕ್ಕೆ ಆಚೆ ದಡಕ್ಕೆ ಹೋಗಬೇಕು. ಗಾಳಿ ಜೋರಾಗಿದ್ದರಿಂದ ದೋಣಿ ಬಂದಿರಲಿಲ್ಲ. ಒಂದೊಂದರ ಗುಂಡಿನ ತೂತನ್ನೂ ಮತ್ತೆ ನೋಡಿದೆ. ಹಿಂದೆಲ್ಲ ಅವನ ಗುಂಡು ಭುಜದ ಹಿಂದೆಯೇ ಬೀಳುತ್ತಿತ್ತು, ಕಣ್ಣು ಮುಚ್ಚಿ ಕೈಯಿಟ್ಟರೂ ನನ್ನ ಬೆರಳು ಅಲ್ಲಿಗೇ ಹೋಗುತ್ತಿತ್ತು. ಈ ಚಳಿಗಾಲವಿಡೀ ಆ ತೂತು ಹಿಂದಕ್ಕೆ ಸರಿಯುತ್ತಿತ್ತು. ಮೊದಲು ಪಕ್ಕೆಲುಬಿಗೆ, ಆಮೇಲೆ ಇನ್ನೂ ಹಿಂದಕ್ಕೆ. ಎರಡರಲ್ಲಿ ಹೊಟ್ಟೆ ಒಡೆದು ಮಾಂಸಕ್ಕೆಲ್ಲ ಹಸಿರು ಹತ್ತಿತ್ತು. ಕೇಳಿದಾಗ ಗಾಳಿ ಅಂದಿದ್ದ. ಗಾಳಿ ನಮ್ಮಲ್ಲಿ ಯಾವತ್ತು ಇರಲಿಲ್ಲ?

ಚಾಕು ತೊಳೆದಿಟ್ಟು ಮನೆಗೆ ಹೋದೆ. ನಾಲ್ಕು ಗಂಟೆಗೇ ಕತ್ತಲಾಗಿತ್ತು. ಅವನು ಒಣಗಿದ ಜೌಗುಮಣ್ಣಿನ ಹೆಂಟೆ ಉರಿಯುವ ಪೀಟ್ ಒಲೆಯ ಮುಂದೆ ಒದ್ದೆ ಕಾಲುಚೀಲ ಚಾಚಿ ಕೂತಿದ್ದ. ಉಪ್ಪು ಮೀನು, ಆಲೂಗಡ್ಡೆ ಬೇಯಿಸಿಟ್ಟಿದ್ದೆ. ತಟ್ಟೆಯನ್ನು ಅವನ ಮುಂದೆ ಕುಕ್ಕಿದೆ.

“ಇವತ್ತಿನದು ಗೊಡ್ಡಾ?”

“ಹೂಂ. ಗೊಡ್ಡು.”

“ಗೊಡ್ಡು ಜಿಂಕೆ ಹಾಲು ಕೊಡತ್ತಾ? ಹಂಗಿದ್ರೆ ಹೇಳು ಮಾರಾಯ, ಹಸು ಮಾರ್ಬಿಟ್ಟು ಇದನ್ನೇ ಕಟ್ಕೊಳ್ಳೋಣ.”

ಅವನು ಮೀನಿನ ಮುಳ್ಳು ಬಿಡಿಸುತ್ತಿದ್ದವನು ನಿಲ್ಲಿಸಿದ. ಬೆರಳುಗಳು ತಡವುತ್ತಿದ್ದವು, ಕಣ್ಣು ಬೇರೆ ಕಡೆ ಇತ್ತು. ಅದನ್ನು ಅವತ್ತು ಮೊದಲ ಸಲ ಕಂಡೆ.

“ಕೆಚ್ಚಲು ಎಲ್ಲಿ ಎಸೆದೆ?”

“ಕರಿಕೊಳ್ಳದಲ್ಲಿ.”

“ಮರಿ?”

“ಕಾಣ್ಲಿಲ್ಲ.”

“ಕಾಣ್ಲಿಲ್ವೋ, ಹುಡುಕ್ಲಿಲ್ವೋ?”

“ಹುಡುಕ್ದೆ ಕಣೇ! ಕತ್ತಲಾಗೋವರೆಗೂ ಹುಡುಕ್ದೆ. ಮಗ್ಗುಲಲ್ಲೇ ಎಲ್ಲೋ ಕೂಗ್ತಾ ಇತ್ತು. ಕಿವಿಗೆ ಕೇಳತ್ತೆ, ಕಣ್ಣಿಗೆ ಸಿಗಲ್ಲ.” ತಟ್ಟೆಯನ್ನು ದೂರ ತಳ್ಳಿದ. “ಡೊಲೀನಾ, ನಾನು ಯಾವುದನ್ನ ನೋಡ್ತೀನೋ ಅದು ಅಲ್ಲಿರಲ್ಲ. ಸುತ್ತ ಎಲ್ಲಾ ಕಾಣತ್ತೆ. ಬಾಗಿಲು ಕಾಣತ್ತೆ, ದೀಪ ಕಾಣತ್ತೆ. ನಿನ್ನ ಎರಡು ಕಿವಿ ಕಾಣತ್ತೆ. ಮುಖ ಇಲ್ಲ. ಯಾರೋ ಹೆಬ್ಬೆಟ್ಟು ಒತ್ತಿ ಒರೆಸಿದ ಹಾಗೆ.”

ದೀಪವನ್ನು ಅವನ ಮುಖದ ಹತ್ತಿರ ತಂದು ಹಿಡಿದೆ.

“ಯಾವಾಗಿಂದ?”

“ಕುರಿ ಉಣ್ಣೆ ಕತ್ತರಿಸೋ ಹೊತ್ತಿಗೆ ಶುರುವಾಯ್ತು.”

“ಅಂದ್ರೆ ಬೇಸಿಗೆಯಿಂದ ನನ್ನ ಮುಖ ನೋಡಿಲ್ಲ ನೀನು.”

“ಜ್ಞಾಪಕ ಇದೆ.”

“ದೊಡ್ಡ ಉಪಕಾರ. ಮತ್ತೆ ಗುಂಡು ಹೆಂಗೆ ಹೊಡೀತಿದ್ದೆ, ಜ್ಞಾಪಕದಿಂದಲಾ?”

“ಜಿಂಕೆಯ ಹೊಟ್ಟೆ ಕಡೆ ನೋಡಿದ್ರೆ ಭುಜ ಸ್ವಲ್ಪ ಕಾಣತ್ತೆ. ಹಂಗೆ ಓರೆಯಲ್ಲಿ ಹಿಡಿದು…”

“ಅದಕ್ಕೇ ಹೊಟ್ಟೆಗೆ ಬೀಳ್ತಿತ್ತು. ಗಾಳಿಯಂತೆ ಗಾಳಿ!”

ಚರ್ಚಿನಲ್ಲಿ ಕೀರ್ತನೆಯ ಸಾಲು ಎತ್ತಿಕೊಡುವವನು ಅವನೇ. ಅವನು ಒಂದು ಸಾಲು ಹಾಡಿದರೆ ಉಳಿದವರು ಹಿಂದೆ ಹಾಡುತ್ತಾರೆ. ಎಲ್ಲ ಬಾಯಿಪಾಠ, ಪುಸ್ತಕ ತೆರೆದು ಹಿಡಿದುಕೊಂಡು ನಿಂತಿರುತ್ತಿದ್ದ, ಓದುತ್ತಿದ್ದಾನೆ ಅಂತಲೇ ಎಲ್ಲರೂ ತಿಳಿದಿದ್ದರು. ನಾನು ಎರಡನೆಯ ಬೆಂಚಿನಲ್ಲಿ ಕೂತು ಹಾಗೇ ತಿಳಿದಿದ್ದೆ.

ಯಾಕೆ ಬಚ್ಚಿಟ್ಟ ಅಂತ ಕೇಳಲಿಲ್ಲ. ಅದು ಗೋಡೆಗೂ ಗೊತ್ತಿತ್ತು. ನಾವಿರುವುದು ಬೇಟೆಗಾರನ ಮನೆ. ಈ ದ್ವೀಪದ ಜಿಂಕೆಗಳನ್ನು ನೋಡಿಕೊಳ್ಳುವವನಿಗೆ ಕೋವಿಯ ಜೊತೆ ಆ ಮನೆಯನ್ನೂ ಕೊಡುತ್ತಾರೆ. ಕೋವಿ ಹೋದರೆ ಮನೆಯೂ ಹೋಯಿತು. ದ್ವೀಪದಲ್ಲಿ ಖಾಲಿ ಮನೆ ಅಂತ ಉಳಿದಿರುವುದು ಸೂರಿಲ್ಲದ ನಾಲ್ಕು ಕಲ್ಲುಗೋಡೆಗಳು ಮಾತ್ರ, ಅದರೊಳಗೆ ಕುರಿ ಮಲಗುತ್ತವೆ. ಆಮೇಲೆ ದೋಣಿ ಹತ್ತಬೇಕು. ಆಚೆ ದಡದಲ್ಲಿ ಮಹಡಿ ಮೇಲೆ ಎರಡು ಕೋಣೆ, ಕಿಟಕಿಯಲ್ಲಿ ಇನ್ನೊಬ್ಬರ ಕಿಟಕಿ. ಬೆಟ್ಟ ಬಿಟ್ಟರೆ ಅವನು ಒಂದು ಚಳಿಗಾಲ ಉಳಿಯುತ್ತಾನೋ ಇಲ್ಲವೋ.

ಹೊರಗೆ ಹೋಗಿ ಆಕಾಶ ನೋಡಿ ಬಂದೆ. ಉತ್ತರದ ಕಡೆ ಒಂದೂ ನಕ್ಷತ್ರ ಇರಲಿಲ್ಲ.

“ನಾಳೆ ಸಂಜೆಯೊಳಗೆ ಹಿಮ ಬೀಳತ್ತೆ. ಬೆಳಕು ಹರೀತಿದ್ದ ಹಾಗೆ ಹೋಗೋಣ.”

“ನಾಳೆ ಭಾನುವಾರ.”

“ಗೊತ್ತು.”

“ಭಾನುವಾರ ಈ ದ್ವೀಪದಲ್ಲಿ ಯಾರೂ ಗುಂಡು ಹಾರಿಸಿಲ್ಲ, ಡೊಲೀನಾ. ನನ್ನ ಅಜ್ಜನ ಕಾಲದಿಂದ್ಲೂ ಇಲ್ಲ. ಬಟ್ಟೆ ಒಣಗಿಹಾಕಿದ್ರೂ ಬಂದು ಕೇಳ್ತಾರೆ. ಗುಂಡಿನ ಸದ್ದು ಕೇಳಿದ್ರೆ ಊರಿಗೆ ಊರೇ ಬರತ್ತೆ. ಯಾಕೆ ಅಂತ ಕೇಳ್ತಾರೆ. ಏನು ಹೇಳ್ಲಿ?”

“ಸೋಮವಾರ ಹೋದ್ರೆ ಹಿಮದಲ್ಲಿ ಮರೀನ ಎಲ್ಲಿ ಅಂತ ಹುಡುಕ್ತೀಯ? ನಿನ್ನ ಆ ಕಣ್ಣು ಇಟ್ಕೊಂಡು?”

“ದೇವರ ದಿನ ಕಣೇ.”

“ಹೊಡೆದದ್ದು ಶನಿವಾರ. ಮರಿ ಉಳಿದಿರೋದು ಶನಿವಾರದ ಕೆಲಸ. ಶನಿವಾರದ ಕೆಲಸ ನೆಟ್ಟಗೆ ಮುಗಿಸಿದ್ರೆ ದೇವರು ನಿನ್ನನ್ನೇನೂ ನುಂಗಲ್ಲ. ಆ ಮರಿಯ ಕೂಗು ಕೇಳ್ತಾ ನೀನು ಕೀರ್ತನೆ ಎತ್ತಿಕೊಡ್ತೀಯಾ? ಎತ್ತಿಕೊಡು, ನಾನು ಎದ್ದು ನಿಂತು ಕೇಳ್ತೀನಿ, ಎಲ್ಲರ ಮುಂದೆ, ಕೆಚ್ಚಲು ಎಲ್ಲಿ ಅಂತ.”

ಅವನು ಮುಖ ತಿರುಗಿಸಿದ. ನನ್ನನ್ನು ನೋಡುವುದಕ್ಕೇ ಹಾಗೆ ತಿರುಗಿಸಿದ್ದು ಅಂತ ಈಗ ಗೊತ್ತಾಯಿತು.

“ನೀನು ಹೇಳೋಳೇ,” ಅಂದ.

ಬೆಳಗ್ಗೆ ಬೆಳಕು ಬೂದಿಯ ಹಾಗೆ ಬಂತು. ಓಟ್ಸ್ ಗಂಜಿ ಕುಡಿದು ಕುದುರೆಗೆ ಜೀನು ಬಿಗಿದೆವು. ಕೋವಿಯನ್ನು ಚೀಲದಲ್ಲಿ ಹಾಕಿ ನಾನೇ ಹೆಗಲಿಗೆ ಹಾಕಿಕೊಂಡೆ. ನನ್ನ ಹೆಸರಲ್ಲೂ ಪರವಾನಗಿ ಇದೆ. ಮದುವೆಗೆ ಮುಂಚೆ ಅಪ್ಪನ ಜೊತೆ ಬೆಟ್ಟ ಹತ್ತುತ್ತಿದ್ದವಳು ನಾನು. ಆಮೇಲೆ ಒಂದು ಮನೆಗೆ ಒಬ್ಬ ಬೇಟೆಗಾರ ಸಾಕಾಯಿತು.

ಊರ ಕೊನೆಯ ಮನೆ ಮುರ್ದೀನಾಳದ್ದು. ಅವಳು ಕೋಳಿಗೆ ಕಾಳು ಹಾಕುತ್ತಾ ಬಾಗಿಲಲ್ಲೇ ನಿಂತಿದ್ದಳು. ನಾವು ಹೋಗುವ ಹೊತ್ತಿಗೆ ಅವಳು ಅಲ್ಲಿ ಇಲ್ಲದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

“ಏನೇ ಡೊಲೀನಾ, ಕುದುರೆಗೆ ಇವತ್ತು ದೀಕ್ಷಾಸ್ನಾನ ಕೊಡಿಸ್ತಾ ಇದೀಯಾ? ಚರ್ಚು ಈ ಕಡೆ ಅಲ್ವಲ್ಲ.”

“ಕೊಡಿಸ್ತೀನಿ. ನಿನ್ನ ಕೋಳಿಗಳನ್ನೂ ಕರ್ಕೊಂಡು ಬಾ, ಒಟ್ಟಿಗೆ ಮುಗಿಸೋಣ.”

“ತೊರ್ಮೋಡ್, ಇವತ್ತು ಹಾಡು ಯಾರಪ್ಪ ಎತ್ತಿಕೊಡೋರು?”

“ನೀನೇ ಎತ್ತು ಮುರ್ದೀನಾ,” ಅಂದ ಅವನು. “ನಿನ್ನ ಗಂಟಲು ಆಚೆ ದಡಕ್ಕೂ ಕೇಳತ್ತೆ.”

ಅವಳು ನಗಲಿಲ್ಲ. ನನ್ನ ಹೆಗಲಿನ ಚೀಲವನ್ನು ನೋಡಿದಳು. ಬಾಗಿಲು ಹಾಕಿಕೊಂಡದ್ದು ನಮಗೆ ಕೇಳಿಸಿತು.

ಕರಿಕೊಳ್ಳ ಬೆಟ್ಟದ ಉತ್ತರದ ಮಗ್ಗುಲಿನಲ್ಲಿದೆ, ಚಳಿಗಾಲದಲ್ಲಿ ಅಲ್ಲಿಗೆ ಬಿಸಿಲು ಇಳಿಯುವುದಿಲ್ಲ. ದಾರಿಯೆಲ್ಲ ಜೌಗು, ಮೇಲೆ ಮಂಜುಗಟ್ಟಿದ ಪೊರೆ, ಕಾಲಿಟ್ಟರೆ ಮೊಣಕಾಲಿನವರೆಗೆ ಕಪ್ಪು ನೀರು. ನಾನು ಎರಡು ಸಲ ಬಿದ್ದೆ. ಅವನು ಒಂದು ಸಲವೂ ಬೀಳಲಿಲ್ಲ. ಕಣ್ಣು ಎಲ್ಲೋ, ಕಾಲು ಮಾತ್ರ ಹುಲ್ಲಿನ ಗಡ್ಡೆಯಿಂದ ಗಡ್ಡೆಗೆ ತಾನಾಗಿ ಹೋಗುತ್ತಿತ್ತು. ನನಗೆ ಮೈ ಉರಿಯಿತು. ಇಷ್ಟು ಚೆನ್ನಾಗಿ ನಡೆಯುತ್ತಾನೆ, ಯಾರಿಗೆ ತಾನೇ ಗೊತ್ತಾಗಬೇಕು?

ಕೊಳ್ಳದ ಬಾಯಲ್ಲಿ ಕುದುರೆಯನ್ನು ಬಂಡೆಗೆ ಕಟ್ಟಿದೆವು. ಅವನು ಕೆನ್ನೆಯನ್ನು ಗಾಳಿಗೆ ಹಿಡಿದು ನಿಂತ.

“ಮೇಲಿಂದ ಸುತ್ತಿ ಬರ್ಬೇಕು. ನೇರ ಹೋದ್ರೆ ನಮ್ಮ ವಾಸನೆ ಅದಕ್ಕೆ ಹೋಗತ್ತೆ.”

ಸುತ್ತಿ ಬಂದು ಒಂದು ಬಂಡೆಯ ಹಿಂದೆ ಹೊಟ್ಟೆ ಮೇಲೆ ಮಲಗಿದೆವು. ಕೆಳಗೆ ನಿನ್ನೆ ಅವನು ಕರುಳು ಬಿಸಾಕಿದ ಜಾಗ. ಕಾಡುಕಾಗೆಗಳು ಆಗಲೇ ಬಂದು ಕೂತಿದ್ದವು. ಮರಿ ಇರಲಿಲ್ಲ.

“ಏನು ಕಾಣತ್ತೆ?”

“ಕಾಗೆ.”

“ಮತ್ತೆ?”

“ಮತ್ತೂ ಕಾಗೆ.”

“ಬರತ್ತೆ,” ಅಂದ.

ಕಾದೆವು. ಒದ್ದೆ ಬಟ್ಟೆ ಮೈಗೆ ಅಂಟಿ ಮರಗಟ್ಟಿತು. ಅವನು ಜೇಬಿನಿಂದ ಓಟ್ಸ್ ರೊಟ್ಟಿ ತೆಗೆದು ಮುರಿದು ದೊಡ್ಡ ಚೂರು ನನಗೆ ಕೊಟ್ಟ. ಉತ್ತರದಿಂದ ಮೋಡ ಸಮುದ್ರದ ಮೇಲೆ ಕವುಚಿಕೊಂಡು ಬರುತ್ತಿತ್ತು. ಪಕ್ಕದ ದ್ವೀಪ ಕಣ್ಣೆದುರಿಗೇ ಮಾಯವಾಯಿತು. ಗಾಳಿ ಸ್ವಲ್ಪ ತಗ್ಗಿದಾಗ ದೂರದಲ್ಲಿ ಚರ್ಚಿನ ಗಂಟೆ ಕೇಳಿತು. ಅವನ ತುಟಿ ಅಲ್ಲಾಡುತ್ತಿತ್ತು. ಕೀರ್ತನೆಯ ಮೊದಲ ಸಾಲು ಹೇಳಿಕೊಳ್ಳುತ್ತಿದ್ದ. ಅವನಿಗೆ ಉತ್ತರವಾಗಿ ಹಾಡುವವರು ಕೆಳಗಿದ್ದರು. ಚರ್ಚಿನ ಆರಾಧನೆ ಮುಗಿಯುವಷ್ಟು ಹೊತ್ತು ಹಾಗೇ ಮಲಗಿದ್ದೆವು.

“ನನ್ನ ಮೇಲೆ ಸಿಟ್ಟಾ?” ಅಂದೆ.

“ನೀನು ಸುಮ್ನಿದ್ರೆ ಸಿಟ್ಟಿಲ್ಲ. ಶ್! ಅಗೋ.”

ನನಗೇನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ಮೂಗಿನಿಂದ ಬರುವ ಸಣ್ಣ ಕೂಗು. ಅವನು ಕೈ ಎತ್ತಿ ದಿಕ್ಕು ತೋರಿಸಿದ. ಆ ದಿಕ್ಕಿನಲ್ಲಿ ನಾನು ಕಣ್ಣು ಕಿತ್ತುಹೋಗುವಂತೆ ನೋಡಿದೆ. ಒಣಗಿದ ಪೊದೆಯ ಕಂದು ಬಣ್ಣದಲ್ಲಿ ಒಂದು ಚೂರು ಕದಲಿತು. ಮರಿ. ಬೆನ್ನಿನ ಮೇಲೆ ಮಂಜು ಗಟ್ಟಿತ್ತು. ಹೆಜ್ಜೆ ಇಡುವುದು, ನಿಲ್ಲುವುದು, ಮೂಸುವುದು. ಕಾಗೆಗಳು ಜಾಗ ಬಿಡಲಿಲ್ಲ. ಅದು ಅವುಗಳ ನಡುವೆಯೇ ಬಂದು, ತಾಯಿಯ ರಕ್ತ ಹೆಪ್ಪುಗಟ್ಟಿದ ಹುಲ್ಲಿಗೆ ಮೂತಿ ಇಟ್ಟಿತು.

“ಬಂತು.”

“ಕೊಡು ಕೋವಿ.”

“ತೊರ್ಮೋಡ್.”

“ಕೊಡೇ. ನನ್ನ ತಪ್ಪು, ನಾನೇ ಮುಗಿಸ್ತೀನಿ.”

ಕೊಟ್ಟೆ. ಕೊಡಬಾರದಿತ್ತು, ಆದರೆ ಆ ದನಿ ಕೇಳಿ ಕೊಟ್ಟೆ. ಅವನು ಹಿಡಿಯನ್ನು ಕೆನ್ನೆಗೆ ಒತ್ತಿ ಕೋವಿಯ ಮೇಲಿನ ದುರ್ಬೀನಿನೊಳಗೆ ಇಣುಕಿದ. ನಳಿಗೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು. ಇಷ್ಟು ವರ್ಷ ಆ ನಳಿಗೆ ಕಲ್ಲಿನ ಹಾಗೆ ನಿಲ್ಲುತ್ತಿತ್ತು.

“ಎಲ್ಲಿದೆ?”

“ಎದುರಿಗೇ ಇದೆ.”

“ಎಲ್ಲಿ ಅಂತ ಹೇಳೇ!”

“ಎದುರಿಗೇ ಇದೆ ಮಾರಾಯ. ನೀನು ನೋಡ್ತಾ ಇರೋ ಜಾಗದಲ್ಲೇ ಇದೆ.”

ಅವನು ಬೆರಳನ್ನು ಟ್ರಿಗರಿನಿಂದ ತೆಗೆದ. ಕೋವಿಯನ್ನು ಹುಲ್ಲಿನ ಮೇಲೆ ಮಲಗಿಸಿ ನನ್ನ ಕಡೆ ಸರಿಸಿದ. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅತ್ತನೋ ಗೊತ್ತಿಲ್ಲ, ನಾನು ಆ ಕಡೆ ನೋಡಲಿಲ್ಲ. ನೋಡಬೇಕಾದದ್ದು ಕೆಳಗಿತ್ತು.

ಮರಿ ತಲೆ ಎತ್ತಿತು. ಒಂದು ಗುಂಡು. ನಿಂತ ಜಾಗದಲ್ಲೇ ಮಡಚಿಕೊಂಡು ಬಿತ್ತು. ಸದ್ದು ಕೊಳ್ಳದ ಗೋಡೆಗೆ ಬಡಿದು ಬೆಟ್ಟದಿಂದ ಬೆಟ್ಟಕ್ಕೆ ಉರುಳಿಕೊಂಡು ಸಮುದ್ರದವರೆಗೆ ಹೋಯಿತು. ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಬೆಟ್ಟದ ಅಂಚಿಗೆ ಹೋಗಿ ಕೆಳಗೆ ನೋಡಿದೆ. ಚರ್ಚು ಆಗಷ್ಟೇ ಬಿಟ್ಟಿತ್ತು. ದಾರಿಯಲ್ಲಿ ಕರಿ ಕೋಟು ಹಾಕಿದ ಜನ ಕಾಳು ಚೆಲ್ಲಿದ ಹಾಗೆ ಕಾಣುತ್ತಿದ್ದರು. ಯಾರೂ ನಡೆಯುತ್ತಿರಲಿಲ್ಲ. ಎಲ್ಲರೂ ನಿಂತುಬಿಟ್ಟಿದ್ದರು.

ಕರುಳು ತೆಗೆಯುವ ಕೆಲಸವನ್ನು ತೊರ್ಮೋಡ್ ಮಾಡಿದ. ಅದಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ. ದೊಡ್ಡ ಜಿಂಕೆಗಳನ್ನು ಹೊರುವ ಜೀನಿನ ಮೇಲೆ ಆ ಮರಿ ಒಂದು ಒದ್ದೆ ಅಂಗಿಯ ಹಾಗೆ ಜೋಲುತ್ತಿತ್ತು. ನಾವು ಇಳಿಯುವಾಗ ಹಿಮ ಶುರುವಾಯಿತು.

ಮಾಂಸದ ಮನೆಯ ಬಾಗಿಲಲ್ಲಿ ಫಿನ್ಲೇ ಕಾಯುತ್ತಿದ್ದ. ಬೆಟ್ಟ, ಜಿಂಕೆ, ಮನೆ ಎಲ್ಲದರ ಉಸ್ತುವಾರಿ ಅವನದು. ಒಳ್ಳೆಯ ಹುಡುಗ, ಆಚೆ ದಡದವನಾದರೂ ಇಲ್ಲಿ ಬಂದು ತಗ್ಗಿ ನಡೆಯುವುದನ್ನು ಕಲಿತಿದ್ದ. ಚರ್ಚಿನ ಬಟ್ಟೆಯಲ್ಲೇ ಬಂದಿದ್ದ, ಬೂಟಿನ ತುಂಬ ಕೆಸರು. ಏನೂ ಕೇಳದೆ ನಮ್ಮ ಜೊತೆ ಕೈ ಹಾಕಿ ಮರಿಯನ್ನು ಇಳಿಸಿದ. ನಾನು ಅದನ್ನು ತಾಯಿಯ ಪಕ್ಕದ ಕೊಕ್ಕೆಗೆ ಹಾಕಿದೆ. ಅವನು ಎರಡನ್ನೂ ನೋಡಿದ.

“ಹೋ,” ಅಂದ. “ಮರಿ ತಪ್ಪಿಸಿಕೊಂಡಿತ್ತಾ ನಿನ್ನೆ?”

ನಾನು ರಾಟೆಯ ಹಗ್ಗ ಬಿಗಿದೆ.

“ಮುರ್ದೀನಾ ಊರಿಗೆಲ್ಲ ಸಾರಿದ್ದಾರೆ. ಪಾದ್ರಿಗಳೂ ಕೇಳಿದ್ರು. ಆದ್ರೆ ಇದಕ್ಕಾದ್ರೆ ನಾನೇ ಹೋಗಿ ಅವರ ಹತ್ರ ಮಾತಾಡ್ತೀನಿ. ಮರಿ ಬಿಟ್ಟು ಕೂರೋದಕ್ಕಿಂತ ಇದು ವಾಸಿ.” ಮರಿಯ ಕುತ್ತಿಗೆಯ ಬುಡದ ತೂತಿಗೆ ಬೆರಳಿಟ್ಟು ನೋಡಿದ. ಅವನ ಮುಖ ಸಡಿಲವಾಯಿತು. “ತೊರ್ಮೋಡ್, ನಿಜ ಹೇಳ್ಬೇಕು ಅಂದ್ರೆ ನನಗೆ ಯೋಚನೆ ಆಗಿತ್ತು. ಗುಂಡು ಹಿಂದೆ ಬೀಳ್ತಿದೆ, ಮಾಂಸ ಕೆಡ್ತಿದೆ ಅಂತ ಕೊಳ್ಳೋರು ಎರಡು ಸಲ ಹೇಳಿ ಕಳ್ಸಿದ್ರು. ಹೇಗೆ ಕೇಳೋದು ಅಂತ ಒದ್ದಾಡ್ತಿದ್ದೆ. ಇದನ್ನ ನೋಡಿ ಸಮಾಧಾನ ಆಯ್ತು. ನಿಮ್ಮ ಕೈ ಹಾಗೇ ಇದೆ.”

ತಪ್ಪಿಸಿಕೊಳ್ಳುವುದಕ್ಕೆ ಒಂದು ಬಾಗಿಲು ತಾನಾಗಿ ತೆರೆದುಕೊಂಡಿತ್ತು. ನಾವು ಒಳಗೆ ಹೋಗುವುದಷ್ಟೇ ಬಾಕಿ. ಸುಮ್ಮನೆ ಹೂಂ ಅಂದರೆ ಸಾಕು, ಅನ್ನದಿದ್ದರೂ ಸಾಕು. ಬೇಟೆಯ ಕಾಲ ಇನ್ನೇನು ಮುಗಿಯುತ್ತದೆ, ಉಳಿದ ದಿನ ನಾನೂ ಜೊತೆಗೆ ಹೋಗಬಹುದು, ನಾನೇ ಹೊಡೆಯಬಹುದು, ಯಾರಿಗೆ ಗೊತ್ತಾಗುತ್ತದೆ? ಮುಂದಿನ ಚಳಿಗಾಲದ್ದು ಮುಂದಿನ ಚಳಿಗಾಲಕ್ಕೆ. ಹಿಂದಿನ ದಿನ ಎಲ್ಲರ ಮುಂದೆ ಎದ್ದು ನಿಂತು ಕೇಳುತ್ತೇನೆ ಅಂದಿದ್ದ ಬಾಯಿ ಇದೇ. ಈಗ ಅದು ಬೀಗ ಹಾಕಿಕೊಂಡಿತು. ಒಲೆ, ಕಿಟಕಿ, ಕಿಟಕಿಯಲ್ಲಿ ಕಾಣುವ ಸಮುದ್ರ, ಹಿತ್ತಲಿನ ಆಲೂಗಡ್ಡೆ ಸಾಲು, ಎಲ್ಲ ಕಣ್ಣ ಮುಂದೆ ಬಂದವು. ಫಿನ್ಲೇಯ ಬೆನ್ನ ಹಿಂದೆ ನಿಂತು ತೊರ್ಮೋಡ್‌ನತ್ತ ಜೋರಾಗಿ ತಲೆ ಅಲ್ಲಾಡಿಸಿದೆ. ಬೇಡ. ಹೇಳಬೇಡ. ಬಾಯಿ ಮುಚ್ಚು.

ತೊರ್ಮೋಡ್ ನನ್ನ ಕಡೆಗೆ ತಿರುಗಿದ. ಆಮೇಲೆ ಫಿನ್ಲೇ ಕಡೆಗೆ.

“ಅದು ನನ್ನ ಗುಂಡಲ್ಲ,” ಅಂದ. “ಅವಳದು. ನನಗೆ ಕಣ್ಣು ಹೋಗಿದೆ.”

ಫಿನ್ಲೇ ತೂತಿಗೆ ಇಟ್ಟಿದ್ದ ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು. ಅವನು ಬೈಯಲಿಲ್ಲ. ಆಚೆ ದಡದ ಕಣ್ಣಿನ ಡಾಕ್ಟರ ಹೆಸರು ಹೇಳಿದ. ಹೊಸಬನನ್ನು ಹುಡುಕಬೇಕು, ಅವನಿಗೆ ಸಂಸಾರ ಇದ್ದರೆ ಮನೆ ಬೇಕಾಗುತ್ತದೆ ಅಂದ. ವಸಂತದಲ್ಲಿ ಕುರಿ ಮರಿ ಹಾಕುವ ಕಾಲದವರೆಗೆ ಯಾರೂ ನಿಮ್ಮನ್ನು ಏಳಿಸುವುದಿಲ್ಲ, ಅದು ನನ್ನ ಮಾತು ಅಂದ. ಬೇಟೆಯ ಕಾಲ ಮುಗಿಯುವವರೆಗೆ ಡೊಲೀನಾ ಹೊಡೆಯುವುದಾದರೆ ಹೊಡೆಯಲಿ ಅಂತಲೂ ಅಂದ. ಕೊನೆಗೆ ಕೋವಿಗಾಗಿ ಕೈ ಚಾಚಿದ. ತೊರ್ಮೋಡ್ ಅದನ್ನು ನನ್ನ ಹೆಗಲಿನ ಚೀಲದಿಂದ ತೆಗೆದು, ಎಣ್ಣೆ ಬಟ್ಟೆಯಿಂದ ಒರೆಸಿ, ನಳಿಗೆಯನ್ನು ಬೆರಳಿಂದ ಸವರಿ, ಕೊಟ್ಟ. ಫಿನ್ಲೇ ಅದನ್ನು ನನ್ನ ಕೈಗೆ ದಾಟಿಸಿ, ತಲೆ ತಗ್ಗಿಸಿಕೊಂಡು ಹಿಮದಲ್ಲಿ ಹೋದ.

ಅವನು ಹೋದ ಮೇಲೆ ನಾನು ಬಕೆಟ್ಟನ್ನು ಕಾಲಲ್ಲಿ ಒದ್ದೆ. ಅದು ಗೋಡೆಗೆ ಹೊಡೆದು ಉರುಳಿತು.

“ಸುಮ್ನಿರಕ್ಕಾಗ್ಲಿಲ್ವಾ ನಿಂಗೆ? ಒಂದು ಸಲ? ಜೀವಮಾನದಲ್ಲಿ ಒಂದು ಸಲ?”

“ನಿನ್ನೆ ನೀನೇ ಎಲ್ಲರ ಮುಂದೆ ಕೇಳ್ತೀನಿ ಅಂದೆ.”

“ನಿನ್ನೆ ಅಂದೆ! ಇವತ್ತು ತಲೆ ಅಲ್ಲಾಡಿಸ್ತಾ ಇದ್ನಲ್ಲ. ಹೇಳ್ಬೇಡ ಅಂತ ಕುತ್ತಿಗೆ ಮುರಿಯೋ ಹಾಗೆ ಅಲ್ಲಾಡಿಸ್ತಾ ಇದ್ದೆ. ಹೋಗ್ಲಿ ಬಿಡು. ನಿನಗೆಲ್ಲಿ ಕಾಣ್ಬೇಕು.”

ತೊರ್ಮೋಡ್ ಬಗ್ಗಿ, ಕೈ ತಡವಿ ಬಕೆಟ್ಟು ಹುಡುಕಿ ನೆಟ್ಟಗೆ ನಿಲ್ಲಿಸಿದ.

“ಕಿವಿ ಕಂಡ್ವು,” ಅಂದ. “ಅಲ್ಲಾಡ್ತಾ ಇದ್ವು.”

ನಾನು ಚಾಕು ತೆಗೆದುಕೊಂಡು ಮರಿಯ ಕಾಲು ಕತ್ತರಿಸುವುದಕ್ಕೆ ಶುರು ಮಾಡಿದೆ. ಅವನು ಬಕೆಟ್ಟಿಗೆ ನೀರು ತುಂಬಿಸಿ ತಂದು ನನ್ನ ಕಾಲ ಬಳಿ ಇಟ್ಟ.